ಡಿಸ್ಚಾರ್ಜ್ ಕಾರ್ಡಿನ ಹಿಂಬದಿ ಖಾಲಿ ಇದೆ

ಸಂಪಾದಕರಿಗೆ,

ಮಾನ್ಯರೆ,

ಕಲಬುರಗಿಗೆ ಜಿಮ್ಸ್, ಬೀದರಿಗೆ ಬ್ರಿಮ್ಸ್, ಯಾದಗಿರಿಗೂ ತನ್ನದೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಮೂರೂ ಜಿಲ್ಲೆಗೆ ಒಂದೊಂದು ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಬಂದಾಯಿತು. ಕಲಬುರಗಿಯಲ್ಲಿ ಇದರ ಜೊತೆಗೆ ಜಯದೇವ ಇದೆ, ಕಿದ್ವಾಯಿ ಘಟಕ ಇದೆ, ಇಎಸ್‌ಐ ಆಸ್ಪತ್ರೆ ಇದೆ. ಸ್ಟೆಂಟ್ ಹಾಕಿಸಲು ಸೊಲ್ಲಾಪುರ, ಹೈದರಾಬಾದ್ ಎಂದು ಹೊರಡುತ್ತಿದ್ದವರಿಗೆ ಈಗ ಹತ್ತಿರದಲ್ಲೇ ದಾರಿಯಿದೆ. ಹಾಸಿಗೆ ಎಷ್ಟು, ಎಂಆರ್‌ಐ ಯಂತ್ರ ನಡೆಯುತ್ತಿದೆಯೋ ಇಲ್ಲವೋ, ತಜ್ಞರ ಹುದ್ದೆ ಎಷ್ಟು ಖಾಲಿ, ಇವೆಲ್ಲ ಪತ್ರಿಕೆಯಲ್ಲಿ ಆಗಾಗ ಚರ್ಚೆಗೆ ಬರುತ್ತವೆ. ಯಾರೂ ಕೇಳದ ಒಂದು ಹುದ್ದೆಯ ಬಗ್ಗೆ ಈ ಪತ್ರ. ಅದು ಕೇಸ್ ಮ್ಯಾನೇಜರ್ ಹುದ್ದೆ. ರೋಗಿ ದಾಖಲಾದ ದಿನದಿಂದ ಮನೆಗೆ ಹೋಗಿ ತಿಂಗಳಾಗುವವರೆಗೆ ಅವನ ಆರೈಕೆಯ ಎಳೆಗಳನ್ನು ಒಂದೇ ಕೈಯಲ್ಲಿ ಹಿಡಿದಿರುವವರು ಎಂದು ಸದ್ಯಕ್ಕೆ ತಿಳಿದುಕೊಳ್ಳಿ.

ಈಗ ಆ ಎಳೆ ಯಾರ ಕೈಯಲ್ಲಿದೆ? ಡಾಕ್ಟರು ಕಾಯಿಲೆ ನೋಡುತ್ತಾರೆ. ನರ್ಸ್ ತನ್ನ ಪಾಳಿಯಲ್ಲಿ ಹಾಸಿಗೆ ನೋಡುತ್ತಾಳೆ, ಪಾಳಿ ಮುಗಿದರೆ ಇನ್ನೊಬ್ಬಳು ಬರುತ್ತಾಳೆ. ಸರಕಾರಿ ಆರೋಗ್ಯ ವಿಮೆಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರ, ಆ ಯೋಜನೆಯ ಕಾಗದ ನೋಡುತ್ತಾನೆ. ಔಷಧಿ ಕೌಂಟರಿನವರು ಚೀಟಿ ನೋಡುತ್ತಾರೆ. ಎಲ್ಲರೂ ತಮ್ಮ ತಮ್ಮ ಪಾಲಿನ ಕೆಲಸ ಮಾಡುವವರೇ. ಒಬ್ಬರಿಂದ ಒಬ್ಬರಿಗೆ ಸುದ್ದಿ ಮುಟ್ಟಿಸುವ ಕೆಲಸ ಮಾತ್ರ ರೋಗಿಯ ಮಗನದ್ದು. ರಕ್ತದ ಬಾಟಲಿ ಹಿಡಿದು ಲ್ಯಾಬಿಗೆ, ಚೀಟಿ ಹಿಡಿದು ಕೌಂಟರಿಗೆ, ಸ್ಕ್ಯಾನ್ ಫಿಲ್ಮ್ ಹಿಡಿದು ಡಾಕ್ಟರ ಹಿಂದೆ ಓಡುವ ಆ ಹುಡುಗನೇ ಸದ್ಯಕ್ಕೆ ನಮ್ಮ ಕೇಸ್ ಮ್ಯಾನೇಜರ್. ಅವನಿಗೆ ತರಬೇತಿ ಇಲ್ಲ, ಪಗಾರ ಇಲ್ಲ, ಬಹಳಷ್ಟು ಸಲ ಇಂಗ್ಲಿಷ್ ಓದಲೂ ಬರುವುದಿಲ್ಲ. ಇದು ಯಾವುದೋ ಒಂದು ದವಾಖಾನೆಯ ಮೇಲಿನ ದೂರಲ್ಲ. ವ್ಯವಸ್ಥೆಯೇ ಹೀಗೆ ಹೆಣೆದುಕೊಂಡಿದೆ.

ಸುರಪುರ ಕಡೆಯ ಒಬ್ಬ ರೈತನಿಗೆ ಲಕ್ವಾ ಹೊಡೆಯಿತು ಎಂದಿಟ್ಟುಕೊಳ್ಳಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಕಾಲ ನಾಲ್ಕೂವರೆ ತಾಸು. ಅದನ್ನು ಎಣಿಸುವುದು ಮನೆಯವರು ನೋಡಿ ಗಾಬರಿಯಾದ ಹೊತ್ತಿನಿಂದ ಅಲ್ಲ, ಅವನು ಚೆನ್ನಾಗಿದ್ದುದನ್ನು ಯಾರಾದರೂ ಕಡೆಯ ಸಲ ಕಂಡ ಹೊತ್ತಿನಿಂದ. ತಾಲ್ಲೂಕು ಆಸ್ಪತ್ರೆಯ ರೆಫರಲ್ ಚೀಟಿಯಲ್ಲಿ ಆ ಒಂದು ಸಮಯ ಇಲ್ಲದಿದ್ದರೆ ಮುಂದಿನ ಆಸ್ಪತ್ರೆ ಮತ್ತೆ ಮೊದಲಿನಿಂದ ಕೇಳಬೇಕು. ಅಷ್ಟರಲ್ಲಿ ಕಂಡವರು ಊರಲ್ಲೇ ಉಳಿದಿರುತ್ತಾರೆ, ಆಂಬುಲೆನ್ಸಿನಲ್ಲಿ ಬಂದವರಿಗೆ ಗೊತ್ತಿರುವುದಿಲ್ಲ. ಹಾವು ಕಡಿತದಲ್ಲೂ ಇದೇ ಪಾಡು. ಮೊದಲ ಆಸ್ಪತ್ರೆಯಲ್ಲಿ 10 ವಯಲ್ ವಿಷನಿರೋಧಕ ಹೋಗಿರುತ್ತದೆ. ಎಷ್ಟು, ಯಾವಾಗ ಎಂದು ಚೀಟಿಯಲ್ಲಿ ಇರುವುದಿಲ್ಲ. ಎರಡನೆಯ ಕಡೆ ಒಂದೋ ಮತ್ತೆ ಕೊಡುತ್ತಾರೆ, ಇಲ್ಲವೇ ಕೊಟ್ಟಿರಬಹುದೆಂದು ಕಾಯುತ್ತಾರೆ. ರೋಗಿಯನ್ನು ಆಂಬುಲೆನ್ಸಿಗೆ ಹತ್ತಿಸುವ ಮುನ್ನ ಆ ತುದಿಗೆ ಫೋನ್ ಮಾಡಿ ವೆಂಟಿಲೇಟರ್ ಹಾಸಿಗೆ ಇದೆಯೇ ಎಂದು ಕೇಳಬೇಕು. ಕಡೆಯ ಸಲ ಚೆನ್ನಾಗಿ ಕಂಡ ಅಥವಾ ಹಾವು ಕಡಿದ ಸಮಯ, ಕೊಟ್ಟ ಔಷಧಿ, ಕೊಟ್ಟ ಸಮಯ ಮೂರನ್ನೂ ಹೇಳಿ, ಕೇಳಿಸಿಕೊಂಡವರ ಹೆಸರನ್ನು ಚೀಟಿಯಲ್ಲಿ ಬರೆಯಬೇಕು. ಐದು ನಿಮಿಷದ ಕೆಲಸ. ಆದರೆ ಇಂಥವರ ಕೆಲಸ ಎಂದು ಎಲ್ಲೂ ಬರೆದಿಲ್ಲ.

ಇನ್ನು ವಾರ್ಡಿಗೆ ಬರೋಣ. ದಾಖಲಾದ 24 ತಾಸಿನೊಳಗೆ ಕೇಸ್ ಮ್ಯಾನೇಜರ್ ಹಾಸಿಗೆಯ ಪಕ್ಕ ಕೂತು ಕೇಳಬೇಕಾದ ಪ್ರಶ್ನೆಗಳು ಕಾಯಿಲೆಯ ಬಗ್ಗೆ ಅಲ್ಲ, ಮನೆಯ ಬಗ್ಗೆ. ಮನೆಯಲ್ಲಿ ಹಗಲು ಯಾರಿರುತ್ತಾರೆ? ಮಕ್ಕಳು ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿದ್ದಾರೆಯೇ? ಗುಳಿಗೆ ಕೊಡುವವರಿಗೆ ಓದಲು ಬರುತ್ತದೆಯೇ? ಶೌಚಾಲಯ ಮನೆಯೊಳಗೋ ಹೊರಗೋ? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಯಾವುದು, ಅಲ್ಲಿಗೆ ಬಸ್ಸು ಇದೆಯೇ? ಮನೆಮಾತು ಕನ್ನಡವೋ, ಉರ್ದುವೋ, ಲಂಬಾಣಿಯೋ, ತೆಲುಗೋ, ಮರಾಠಿಯೋ? ಖಾಸಗಿ ಡಾಕ್ಟರು ಬರೆದುಕೊಟ್ಟ ಗುಳಿಗೆ ಏನಾದರೂ ನಡೆದಿದೆಯೇ, ಇದ್ದರೆ ಆ ಪಟ್ಟಿಯನ್ನೇ ತಂದು ತೋರಿಸಬಲ್ಲಿರಾ? ಫೋನ್ ನಂಬರ್ ಒಂದಲ್ಲ, ಎರಡು ಬೇಕು. ಮೊದಲನೆಯದು ಬಹುತೇಕ ಬೆಂಗಳೂರಿನಲ್ಲಿರುವ ಮಗನದ್ದಾಗಿರುತ್ತದೆ, ಇಲ್ಲವೇ ರೀಚಾರ್ಜ್ ಮುಗಿದು ಸತ್ತಿರುತ್ತದೆ. ಎರಡನೆಯದು ಊರಿನ ಆಶಾ ಕಾರ್ಯಕರ್ತೆಯದ್ದಾದರೆ ಒಳ್ಳೆಯದು.

ಅದೇ ದಿನ, ಅಂದಾಜಿಗಾದರೂ ಸರಿ, ಡಿಸ್ಚಾರ್ಜ್ ಯಾವ ತಾರೀಖಿಗೆ ಆಗಬಹುದೆಂದು ಕೇಸ್ ಶೀಟಿನ ಮೇಲೆ ಬರೆಯಬೇಕು. ಬರೆದ ತಾರೀಖು ತಪ್ಪಬಹುದು, ತಪ್ಪಲಿ. ಬರೆಯದಿದ್ದರೆ ಆಗುವುದೇನೆಂದರೆ, ಬೆಳಗಿನ ರೌಂಡ್ಸಿನಲ್ಲಿ "ಇವತ್ತು ಕಳಿಸಿ" ಎನ್ನುವ ಮಾತು ಬರುತ್ತದೆ. ಅಲ್ಲಿಂದ ಸಂಜೆಯವರೆಗೆ ಸಮ್ಮರಿ ಬರೆಯುವುದು, ಯೋಜನೆಯ ಕಾಗದ, ಔಷಧಿ ಎಲ್ಲವೂ ಒಂದೇ ಉಸಿರಿಗೆ. ಹಳ್ಳಿಯ ಕೊನೆಯ ಬಸ್ಸು ಹೋಗಿರುತ್ತದೆ. ಮನೆಯವರಿಗೆ ಏನು ಹೇಳಬೇಕೋ ಅದನ್ನು ಲಿಫ್ಟಿನ ಬಾಗಿಲಲ್ಲಿ ನಿಂತು ಹೇಳಲಾಗುತ್ತದೆ.

ನಮ್ಮ ಲಕ್ವಾ ರೋಗಿ ಆಹಾರ ಬಿಡಲು ಹಾಕಿದ ಮೂಗಿನ ನಳಿಗೆಯೊಂದಿಗೆ ಮನೆಗೆ ಹೋಗುತ್ತಿದ್ದಾನೆ ಅನ್ನಿ. ಸೊಸೆ ಕಲಿಯಬೇಕಾದ್ದು ಎಷ್ಟು ನೋಡಿ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಬೇಕು, ಆಹಾರ ಹೋದ ಮೇಲೂ ಅರ್ಧ ತಾಸಿಗಿಂತ ಕಡಿಮೆಯಿಲ್ಲದಂತೆ ಹಾಗೇ ಇರಿಸಬೇಕು. ಒಂದು ಸಲಕ್ಕೆ 200 ಮಿ.ಲೀ. ಸಾಕು, ಸಿರಿಂಜನ್ನು ಒತ್ತದೆ ತಾನಾಗಿ ಇಳಿಯಲು ಬಿಡಬೇಕು. ಕೊನೆಗೆ 30 ಮಿ.ಲೀ. ನೀರು ಬಿಟ್ಟು ನಳಿಗೆ ತೊಳೆಯಬೇಕು, ಇಲ್ಲದಿದ್ದರೆ ಗಂಜಿ ಒಣಗಿ ಕಟ್ಟುತ್ತದೆ. ಎಲ್ಲಕ್ಕಿಂತ ಮೊದಲು, ಮೂಗಿನ ಅಂಚಿನಲ್ಲಿ ನಳಿಗೆಯ ಮೇಲೆ ಪೆನ್ನಿನಿಂದ ಎಳೆದ ಗೆರೆ ಇದ್ದಲ್ಲೇ ಇದೆಯೇ ಎಂದು ಪ್ರತಿ ಸಲ ನೋಡಬೇಕು. ಗೆರೆ ಹೊರಗೆ ಸರಿದಿದ್ದರೆ ಗಂಜಿ ಬಿಡಲೇಬಾರದು, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಇದನ್ನು ಬಾಯಲ್ಲಿ ಹೇಳಿದರೆ ಆಗದು, ಆಕೆಯ ಕೈಯಲ್ಲೇ ಮಾಡಿಸಬೇಕು, ಒಂದು ಸಲ ಅಲ್ಲ ಮೂರು ಸಲ, ನರ್ಸ್ ಪಕ್ಕದಲ್ಲಿ ನಿಂತಿರುವಾಗಲೇ. ಡಿಸ್ಚಾರ್ಜ್ ದಿನ ಇದಕ್ಕೆ ಹೊತ್ತಿರುವುದಿಲ್ಲ, ಎರಡು ದಿನ ಮೊದಲೇ ಶುರುವಾಗಬೇಕು. ನಳಿಗೆ, ಮೂತ್ರದ ಕ್ಯಾಥೆಟರ್ ಬದಲಿಸುವ ತಾರೀಖು ಯಾವುದು, ಬದಲಿಸುವವರು ಯಾರು ಎಂಬುದು ಕಾರ್ಡಿನಲ್ಲಿ ಇರಬೇಕು. ಆ ಆರೋಗ್ಯ ಕೇಂದ್ರಕ್ಕೆ ಮೊದಲೇ ಫೋನ್ ಹೋಗಿರಬೇಕು.

"ತಿಳೀತೇನ್ರಿ?" ಎಂದು ಕೇಳುವುದನ್ನು ನಾವು ಬಿಡಬೇಕು. ಅದಕ್ಕೆ ಬರುವ ಉತ್ತರ ಒಂದೇ: "ಹೂಂ ರೀ." ಬದಲಿಗೆ "ಮನಿಗಿ ಹೋದ ಮ್ಯಾಲ ಈ ಗುಳಿಗಿ ಹೆಂಗ ಕೊಡ್ತೀರಿ, ನಮಗ ಒಂದ್ಸಲ ಹೇಳ್ರಿ" ಅಂದರೆ ಎಲ್ಲಿ ತಪ್ಪಿದೆ ಎಂಬುದು ಅರೆಗಳಿಗೆಯಲ್ಲಿ ಗೊತ್ತಾಗುತ್ತದೆ. ಚೀಟಿಯಲ್ಲಿ 1-0-1 ಎಂದಿದ್ದರೆ ಅದು ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಎಲ್ಲರಿಗೂ ಹೊಳೆಯುವುದಿಲ್ಲ. ರಂಜಾನ್ ತಿಂಗಳಲ್ಲಿ, ಶ್ರಾವಣದ ಉಪವಾಸದಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ, ಅದನ್ನೂ ಕೇಳಿಯೇ ಕಳಿಸಬೇಕು.

ಔಷಧಿಯಲ್ಲಿ ಆಗುವ ಎಡವಟ್ಟುಗಳು ಹೆಚ್ಚು ಕಡಿಮೆ ಒಂದೇ ತರಹದವು. ಆಸ್ಪತ್ರೆಯಿಂದ ಕೊಟ್ಟ ಆಸ್ಪಿರಿನ್ ಒಂದು ಹೆಸರಲ್ಲಿ, ಮನೆಯಲ್ಲಿದ್ದ ಆಸ್ಪಿರಿನ್ ಇನ್ನೊಂದು ಹೆಸರಲ್ಲಿ, ರೋಗಿ ಎರಡನ್ನೂ ನುಂಗುತ್ತಾನೆ. ಸ್ಟೆಂಟ್ ಹಾಕಿಸಿಕೊಂಡವರು ಎದೆನೋವು ಹೋಯಿತೆಂದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೊಗ್ರೆಲ್ ಗುಳಿಗೆ ಬಿಟ್ಟುಬಿಡುತ್ತಾರೆ, ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ವಾಪಸು ಬರುತ್ತಾರೆ. ಇನ್ಸುಲಿನ್‌ದು ಇನ್ನೂ ಸೂಕ್ಷ್ಮ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಸೀಸೆಯಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅಂಗಡಿಯವನು ಕಿತ್ತಳೆ ಮುಚ್ಚಳದ 100 ಯೂನಿಟ್ ಸಿರಿಂಜ್ ಕೊಟ್ಟರೆ, 20 ಗೆರೆ ಎಳೆದಾಗ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಸಕ್ಕರೆ ಇಳಿಯುವುದಿಲ್ಲ, ಔಷಧಿಯೇ ಸರಿಯಿಲ್ಲ ಎಂಬ ಮಾತು ಹುಟ್ಟುತ್ತದೆ. "ಫ್ರಿಜ್‌ನಲ್ಲಿಡಿ" ಎಂದು ಬರೆದರೆ ತಾಂಡಾದ ತಗಡಿನ ಮನೆಯಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಟ್ಟರೆ ಕೆಲಸ ಆಗುತ್ತದೆ. ತೆರೆದ ಸೀಸೆಗೆ 28 ದಿನ ಎಂದು ಮೇಲೆ ತಾರೀಖು ಬರೆದುಕೊಡಬೇಕು.

ಇದೆಲ್ಲಕ್ಕಿಂತ ಸಣ್ಣದು, ಆದರೆ ಅತಿ ಹೆಚ್ಚು ರೋಗಿಗಳನ್ನು ಕಾಡುವುದು ತಾರೀಖಿನ ಗೊಂದಲ. ಮಂಗಳವಾರ ಡಿಸ್ಚಾರ್ಜ್, "10 ದಿನ ಬಿಟ್ಟು ಬನ್ನಿ" ಎಂದು ಸಮ್ಮರಿ. ಹತ್ತು ದಿನಕ್ಕೆ ಬರುವುದು ಶುಕ್ರವಾರ. ಅವನನ್ನು ನೋಡಿದ ಡಾಕ್ಟರ ತಂಡದ, ಅಂದರೆ ಆ ಯೂನಿಟ್ಟಿನ, ಒಪಿಡಿ ಇರುವುದು ಸೋಮವಾರ, ಗುರುವಾರ. ಹುಣಸಗಿಯಿಂದಲೋ ಔರಾದಿನಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದವನು ಬೇರೆ ಯೂನಿಟ್ಟಿನ ಡಾಕ್ಟರ ಮುಂದೆ ನಿಲ್ಲುತ್ತಾನೆ, ಅವರು ಮತ್ತೆ ಎಲ್ಲ ಕೇಳುತ್ತಾರೆ, ಇಲ್ಲವೇ ಸೋಮವಾರ ಬಾ ಎನ್ನುತ್ತಾರೆ. ಅವನು ಸೋಮವಾರ ಬರುವುದಿಲ್ಲ. ಇದರ ಮೇಲೆ ಕೊಟ್ಟ ಗುಳಿಗೆ 5 ದಿನಕ್ಕೆ, ಕರೆದದ್ದು 10 ದಿನಕ್ಕೆ. ನಡುವಿನ ಐದು ದಿನ ಬಿಪಿ ಗುಳಿಗೆ ಯಾರು ಕೊಡಬೇಕು? ಹೊಟ್ಟೆಯ ಹೊಲಿಗೆ ಬಿಚ್ಚಲು 80 ಕಿಲೋಮೀಟರ್ ಬರುವವರೂ ಇದ್ದಾರೆ. ಗಾಯ ಒಣಗಿದ್ದರೆ ಆ ಕೆಲಸ ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ, ಒಂದು ಚೀಟಿ ಬರೆದುಕೊಟ್ಟರೆ ಸಾಕು.

ಡಿಸ್ಚಾರ್ಜ್ ಆಗುವ ಹೊತ್ತಿಗೆ ಬಾರದ ರಿಪೋರ್ಟುಗಳದ್ದು ಬೇರೆಯದೇ ಕತೆ. ಮೂತ್ರ, ರಕ್ತದಲ್ಲಿನ ಕೀಟಾಣು ಬೆಳೆಸಿ ನೋಡುವ ಕಲ್ಚರ್ ಬರಲು 48ರಿಂದ 72 ತಾಸು ಬೇಕು, ಗಂಟಿನ ತುಣುಕು ತೆಗೆದು ನೋಡುವ ಬಯಾಪ್ಸಿಗೆ ವಾರ ಮೇಲೆ. ರೋಗಿ ಮನೆಗೆ ಹೋದ ಮೇಲೆ ಬಂದ ಕಾಗದ ಲ್ಯಾಬಿನ ಟ್ರೇಯಲ್ಲಿ ಕೂರುತ್ತದೆ. ಅದರಲ್ಲಿ ಕೊಟ್ಟ ಆಂಟಿಬಯೋಟಿಕ್ ಈ ಕೀಟಾಣುವಿಗೆ ನಾಟುವುದಿಲ್ಲ ಎಂದಿರಬಹುದು, ಗಂಟಿನಲ್ಲಿ ಕ್ಯಾನ್ಸರ್ ಇದೆ ಎಂದೂ ಇರಬಹುದು. ಕೇಸ್ ಮ್ಯಾನೇಜರ್ ಬಳಿ ಬಾಕಿ ರಿಪೋರ್ಟುಗಳದ್ದೊಂದು ರಿಜಿಸ್ಟರ್ ಇದ್ದು, ದಿನಾ ಬೆಳಿಗ್ಗೆ ಅದನ್ನು ಲ್ಯಾಬಿನ ಪಟ್ಟಿಗೆ ತಾಳೆ ನೋಡಿದರೆ ಈ ಒಂದು ಅನಾಹುತವಾದರೂ ತಪ್ಪುತ್ತದೆ.

ಡಯಾಲಿಸಿಸ್ ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ಒಪ್ಪಿಸುವಾಗಲೂ ಅಷ್ಟೇ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ತಾಸು ಯಂತ್ರ ಬೇಕು. ಅಲ್ಲಿ ಪಾಳಿ ಖಾಲಿ ಇದೆಯೇ ಎಂದು ಕೇಳದೆ ಕಳಿಸಿದರೆ ಅವನು ಉಬ್ಬಸ ಹತ್ತಿಸಿಕೊಂಡು ವಾಪಸು ಬರುತ್ತಾನೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ರಿಪೋರ್ಟ್ ಕೈಯಲ್ಲಿಲ್ಲದಿದ್ದರೆ ಯಾವ ಯಂತ್ರಕ್ಕೆ ಹಾಕಬೇಕೆಂದು ತಿಳಿಯದೆ ಅವರೂ ನಿಲ್ಲಿಸಿಬಿಡುತ್ತಾರೆ.

ಹಣದ ವಿಷಯಕ್ಕೆ ಆರೋಗ್ಯಮಿತ್ರರು ಇದ್ದಾರಲ್ಲ ಎನ್ನುವವರಿಗೆ ಒಂದು ಮಾತು. ಈ ಭಾಗಕ್ಕೆ ಸರಕಾರಿ ಆರೋಗ್ಯ ವಿಮೆ ಹೊಸದಲ್ಲ, 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದೇ ಆಗಿನ ಗುಲಬರ್ಗಾ ವಿಭಾಗದಲ್ಲಿ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿಗೆ ಹೋಗಬೇಕಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಬೇಡ. ಇಷ್ಟನ್ನು ಆರೋಗ್ಯಮಿತ್ರ ನೋಡುತ್ತಾನೆ. ಆದರೆ ರೋಗಿ ಅವನ ಮೇಜಿಗೆ ತಲುಪುವುದು ಯಾವಾಗ? ಎಷ್ಟೋ ಸಲ ಆಪರೇಷನ್‌ಗೆ ಹಿಂದಿನ ದಿನ. ಆಗ ಗೊತ್ತಾಗುತ್ತದೆ: ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಸೇರಿಸಿಲ್ಲ, ಆಧಾರ್‌ನಲ್ಲಿ ಶರಣಪ್ಪ ಇದ್ದರೆ ಕಾರ್ಡಿನಲ್ಲಿ ಶರಣಬಸಪ್ಪ. ಆಭಾ ನಂಬರ್ ತೋರಿಸಿ "ಕಾರ್ಡ್ ಐತಿ" ಎನ್ನುವವರೂ ಬಹಳ. ಅದು 14 ಅಂಕಿಯ ದಾಖಲೆ ನಂಬರ್ ಅಷ್ಟೇ, ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ದಾಖಲಾದ ದಿನವೇ ಯಾರಾದರೂ ನೋಡಿದ್ದರೆ ತಿದ್ದಿಸಲು ನಾಲ್ಕು ದಿನ ಸಿಗುತ್ತಿತ್ತು.

ಇಲ್ಲೊಂದು ಎಚ್ಚರಿಕೆ. ಆಸ್ಪತ್ರೆಗಳಲ್ಲಿ ಕೇಸ್ ಮ್ಯಾನೇಜ್‌ಮೆಂಟ್ ಬಲವಾಗಿ ಬೇರುಬಿಟ್ಟದ್ದು ಅಮೆರಿಕದಲ್ಲಿ. 1983ರಲ್ಲಿ ಅಲ್ಲಿನ ಹಿರಿಯರ ಸರಕಾರಿ ಆರೋಗ್ಯ ವಿಮೆ ಮೆಡಿಕೇರ್, ಆದ ಖರ್ಚಿನ ಲೆಕ್ಕ ಬಿಟ್ಟು ಕಾಯಿಲೆಗೆ ಇಷ್ಟು ಎಂದು ಗುತ್ತಿಗೆ ದರ ಕೊಡಲು ಶುರು ಮಾಡಿತು. ಬೇಗ ಕಳಿಸಿದಷ್ಟೂ ಆಸ್ಪತ್ರೆಗೆ ಲಾಭ. ಕಳಿಸುವುದನ್ನು ವ್ಯವಸ್ಥಿತವಾಗಿ ಮಾಡಲು ಜನ ಬೇಕಾದರು. ಅವಸರದಲ್ಲಿ ಹೋದವರು ಮತ್ತೆ ಬಂದು ದಾಖಲಾಗುವುದು ಹೆಚ್ಚಿದ್ದರಿಂದ 2012ರಲ್ಲಿ, 30 ದಿನದೊಳಗೆ ಹೀಗೆ ವಾಪಸಾಗುವವರು ಮಿತಿಮೀರಿದರೆ ಆಸ್ಪತ್ರೆಗೆ ಹಣ ಕಡಿತ ಎಂಬ ನಿಯಮವೂ ಬಂತು. ನಮ್ಮ ಯೋಜನೆಯದ್ದೂ ಪ್ಯಾಕೇಜ್ ದರವೇ, ಹಾಗಾಗಿ ಅದೇ ಆಸೆ ಇಲ್ಲೂ ಇದೆ. ಖಾಸಗಿ ಆಸ್ಪತ್ರೆಗಳಲ್ಲಿ ವಿಮೆ ಫೈಲು ಓಡಿಸುವವರನ್ನೇ ಈ ಹೆಸರಿನಿಂದ ಕರೆಯುವುದುಂಟು. ನಾವು ಕೇಳುತ್ತಿರುವುದು ಅದಲ್ಲ. ಈ ವ್ಯಕ್ತಿ ಬಿಲ್ಲಿಂಗ್ ವಿಭಾಗದ ಕೈಕೆಳಗೆ ಇರಕೂಡದು, ವೈದ್ಯಕೀಯ ಅಧೀಕ್ಷಕರಿಗೆ ನೇರ ಉತ್ತರ ಕೊಡಬೇಕು. "ಮನೆಯಲ್ಲಿ ಸಿದ್ಧತೆ ಆಗಿಲ್ಲ, ಇವತ್ತು ಕಳಿಸಬೇಡಿ" ಎಂದು ಯೂನಿಟ್ ಮುಖ್ಯಸ್ಥರಿಗೆ ಹೇಳುವ ಅಧಿಕಾರ ಬರಹದಲ್ಲಿ ಇರಬೇಕು.

ಯಾರನ್ನು ನೇಮಿಸಬೇಕು? ಐದಾರು ವರ್ಷ ವಾರ್ಡಿನಲ್ಲಿ ದುಡಿದ ನರ್ಸ್ ಅಥವಾ ವೈದ್ಯಕೀಯ ಸಮಾಜ ಕಾರ್ಯಕರ್ತರು ಸರಿಹೊಂದುತ್ತಾರೆ. ಪಾಳಿಯಲ್ಲಿರುವ ನರ್ಸಿಗೇ ಹೆಚ್ಚುವರಿ ಜವಾಬ್ದಾರಿ ಎಂದು ಆದೇಶ ಹೊರಡಿಸಿದರೆ ಅದು ಎರಡನೇ ವಾರಕ್ಕೆ ಸಹಿ ಹಾಕುವ ರಿಜಿಸ್ಟರ್ ಆಗಿಬಿಡುತ್ತದೆ, ಇದನ್ನು ಖಚಿತವಾಗಿ ಹೇಳಬಲ್ಲೆವು. ಒಬ್ಬರಿಗೆ 20ರಿಂದ 25 ರೋಗಿ, ಅದಕ್ಕಿಂತ ಹೆಚ್ಚಾದರೆ ಫೋನ್ ಮಾಡುವುದು ನಿಲ್ಲುತ್ತದೆ. ಎಲ್ಲ ವಾರ್ಡಿಗೂ ಒಮ್ಮೆಲೇ ಬೇಡ. ಲಕ್ವಾ, ಹೃದಯ ವೈಫಲ್ಯ, ಡಯಾಲಿಸಿಸ್, ಕ್ಯಾನ್ಸರ್, ನವಜಾತ ಶಿಶು ಘಟಕದಿಂದ ಹೋಗುವ ಕೂಸುಗಳು, ಇಷ್ಟಕ್ಕೆ ಮೊದಲು ಕೊಟ್ಟು ನೋಡಬಹುದು. ಕೆನಡಾದಲ್ಲಿ ರೂಪಿಸಿದ ಲೇಸ್ ಎಂಬ ಅಂಕಪಟ್ಟಿ ಇದೆ: ಎಷ್ಟು ದಿನ ಇದ್ದರು, ತುರ್ತಾಗಿ ಬಂದರೇ, ಬೇರೆ ಕಾಯಿಲೆ ಎಷ್ಟು, ಹಿಂದಿನ ಆರು ತಿಂಗಳಲ್ಲಿ ಎಷ್ಟು ಸಲ ತುರ್ತು ವಿಭಾಗಕ್ಕೆ ಬಂದಿದ್ದರು. 19ಕ್ಕೆ 10 ಅಥವಾ ಹೆಚ್ಚು ಬಂದರೆ ಮತ್ತೆ ಬರುವ ಸಂಭವ ಹೆಚ್ಚು. ನಮ್ಮಲ್ಲಿ ನಾಲ್ಕನೆಯದಕ್ಕೆ ಉತ್ತರ ಸಿಗುವುದು ಕಷ್ಟ, ಪ್ರತಿ ಸಲವೂ ಹೊಸ ಚೀಟಿ, ಹೊಸ ನಂಬರ್. ಉಳಿದ ಮೂರಕ್ಕೆ ಕೇಸ್ ಶೀಟೇ ಸಾಕು.

ಮನೆಗೆ ಹೋದ 48ರಿಂದ 72 ತಾಸಿನೊಳಗೆ ಮೊದಲ ಫೋನ್, ಆಮೇಲೆ 7, 14, 30ನೇ ದಿನ. "ಹೆಂಗಿದೀರಿ, ಆರಾಮಾ?" ಎಂದರೆ "ಆರಾಮ್ ಇದೀವ್ರಿ" ಎಂದೇ ಬರುತ್ತದೆ. ಕೇಳಬೇಕಾದ್ದು: ಗುಳಿಗೆ ಎಷ್ಟು ಉಳಿದಿವೆ, ಎಣಿಸಿ ಹೇಳಿ. ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ? ಹೃದಯ ವೈಫಲ್ಯದವರ ತೂಕ ಮೂರು ದಿನದಲ್ಲಿ 2 ಕಿಲೋ ಏರಿದ್ದರೆ ಕಾಲು ಬಾಯುವವರೆಗೆ ಕಾಯದೆ ಅವತ್ತೇ ಕರೆಸಬೇಕು. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಅಂಗನವಾಡಿಯಲ್ಲೋ ಉಪಕೇಂದ್ರದಲ್ಲೋ ತೂಗಿಸಬಹುದು.

ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಶುರುವಾದಾಗ, ಯಾದಗಿರಿ ಕಡೆ ಹತ್ತಿ ಬಿಡಿಸುವಾಗ, ಡಾಕ್ಟರು ಬೇಡವೆಂದರೂ ಸಹಿ ಮಾಡಿ ಹೋಗುವವರು ಇರುತ್ತಾರೆ. ಅವರಿಗೆ ಬೈದು ಕಳಿಸುವ ರೂಢಿ ಇದೆ. ಸಹಿ ಹಾಕಿಸಿಕೊಂಡ ಮೇಲೂ ಗುಳಿಗೆ, ಚೀಟಿ, ಫೋನ್ ನಂಬರ್ ಕೊಟ್ಟು, ಮೂರನೇ ದಿನದ ಫೋನನ್ನು ಇವರಿಗೇ ಮೊದಲು ಮಾಡಬೇಕು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಮೂರೂ ಸಂಸ್ಥೆಗಳ ನಿರ್ದೇಶಕರಿಗೂ ನಮ್ಮ ಬೇಡಿಕೆ ಇಷ್ಟು. ಒಂದು ವರ್ಷದ ಮಟ್ಟಿಗೆ ಮೂರೂ ಕಡೆ ಮೇಲೆ ಹೇಳಿದ ವಾರ್ಡುಗಳಿಗೆ ಕೇಸ್ ಮ್ಯಾನೇಜರ್ ಕೊಡಿ, 30 ದಿನದೊಳಗೆ ಎಷ್ಟು ಜನ ಮತ್ತೆ ದಾಖಲಾದರು ಎಂದು ಮೊದಲು ಮತ್ತು ಆಮೇಲೆ ಎಣಿಸಿ. ಅದಕ್ಕೆ ಮಂಜೂರಾತಿ ಬರುವವರೆಗೆ ಕಾಯದೆ ಡಿಸ್ಚಾರ್ಜ್ ಕಾರ್ಡಿನ ಖಾಲಿ ಹಿಂಬದಿಯನ್ನಾದರೂ ಕನ್ನಡದಲ್ಲಿ, ಬೇಕಾದವರಿಗೆ ಉರ್ದುವಿನಲ್ಲಿ, ಅಚ್ಚು ಹಾಕಿಸಿ. ಮತ್ತೆ ಬರಬೇಕಾದ ವಾರ, ತಾರೀಖು, ಒಪಿಡಿ ಕೋಣೆ ಸಂಖ್ಯೆ. ಗುಳಿಗೆ ಯಾವ ತಾರೀಖಿನವರೆಗೆ ಕೊಟ್ಟಿದೆ. ಯಾವ ರಿಪೋರ್ಟ್ ಬಾಕಿ. ಹೊಲಿಗೆ, ನಳಿಗೆ ಎಲ್ಲಿ, ಯಾವಾಗ. ಯಾವ ಲಕ್ಷಣ ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಬೇಕು. ಕೆಳಗೆ, ಇವರನ್ನು ಕೇಳಿ ಎಂದು ಒಂದು ಹೆಸರು, ಹಗಲು ಎತ್ತುವ ಒಂದು ಫೋನ್ ನಂಬರ್.

ಇಂತಿ,
ವಾರ್ಡ್ ಶುಶ್ರೂಷಕರು ಮತ್ತು ವೈದ್ಯಕೀಯ ಸಮಾಜ ಕಾರ್ಯಕರ್ತರು,
ಕಲಬುರಗಿ